ರೋಡ್ಸ್‌ನಿಂದ ದೋಣಿ ಹತ್ತಿದರೆ ಸಿಮಿಯೋ, ಹಾಲ್ಕಿಯೋ?

ಗ್ರೀಸ್‌ನ ರೋಡ್ಸ್ ದ್ವೀಪಕ್ಕೆ ಹೋದವರು ಒಂದು ದಿನ ಬಿಡುವು ಮಾಡಿಕೊಂಡು ಹತ್ತಿರದ ಪುಟ್ಟ ದ್ವೀಪ ಸಿಮಿಗೆ ಹೋಗಿ ಬರುತ್ತಾರೆ. ಇನ್ನೊಂದು ಪುಟ್ಟ ದ್ವೀಪ ಹಾಲ್ಕಿಗೆ ಹೋಗುವವರು ಕಡಿಮೆ. ಸೆಪ್ಟೆಂಬರ್‌ನಲ್ಲಿ ಅಮ್ಮ ಮತ್ತು ನಾನು ಎರಡೂ ಕಡೆ ಎರಡೆರಡು ರಾತ್ರಿ ಇದ್ದು ಬಂದೆವು. ಅಮ್ಮನಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ನನ್ನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಮೊದಲ ನೋಟದಲ್ಲಿ ಸಿಮಿಗೆ ಸಾಟಿಯಿಲ್ಲ. ದೋಣಿ ಮೂಲೆ ತಿರುಗುವವರೆಗೂ ಬರೀ ಬೋಳು ಬಂಡೆ. ತಿರುಗಿದ ತಕ್ಷಣ ನೀರಿನ ಅಂಚಿನಿಂದ ಗುಡ್ಡದ ನೆತ್ತಿಯವರೆಗೂ ಮನೆಗಳು. ಅರಿಶಿನ, ಕಾವಿ, ತಿಳಿನೀಲಿ ಬಣ್ಣ. ಪ್ರತಿ ಮನೆಯ ಮುಂದೆಯೂ ಹಳೆಯ ಗ್ರೀಕ್ ಗುಡಿಗಿರುವಂಥ ತ್ರಿಕೋನ. ಅಮ್ಮ ನನ್ನ ಕೈ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟರು. ಈ ಮನೆಗಳನ್ನೆಲ್ಲ ಕಟ್ಟಿಸಿದ್ದು ಸಮುದ್ರದ ತಳದಿಂದ ಸ್ಪಂಜ್ ಕಿತ್ತು ಮಾರಿದ ದುಡ್ಡು. 1900ರಲ್ಲಿ ಬಿರುಗಾಳಿಗೆ ಸಿಕ್ಕಿ ಆಂಟಿಕಿಥೆರಾ ದ್ವೀಪದ ಮರೆಗೆ ಹೋದ ಸಿಮಿಯ ಮುಳುಗುಗಾರರೇ ಅಲ್ಲಿ ಮುಳುಗಿದ್ದ ಪುರಾತನ ಹಡಗನ್ನು ಕಂಡರು. ಗ್ರಹಗಳ ಲೆಕ್ಕ ಹಾಕುತ್ತಿದ್ದ ಆ ಪ್ರಸಿದ್ಧ ಹಲ್ಲುಚಕ್ರದ ಯಂತ್ರ ಸಿಕ್ಕಿದ್ದು ಅದರಲ್ಲೇ. ಈಗ ಅದು ಅಥೆನ್ಸ್ ಮ್ಯೂಸಿಯಂನಲ್ಲಿದೆ.

ಆದರೆ ಬೆಳಗಿನ ಹೊತ್ತಿಗೆ ದಿನದ ಪ್ರವಾಸದ ದೋಣಿಗಳು ಒಂದರ ಹಿಂದೊಂದು ಬರುತ್ತವೆ. ಯಾಲೋಸ್ ಬಂದರಿನ ಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಧ್ಯಾಹ್ನ ಕಳೆದು ಅವು ಹೊರಟ ಮೇಲೆ ಊರು ಊರಿನವರಿಗೆ ವಾಪಸ್ ಸಿಗುತ್ತದೆ. ಹಾಗಾಗಿ ಸಿಮಿಗೆ ಹೋದರೆ ರಾತ್ರಿ ಉಳಿಯಲೇಬೇಕು. ಮೇಲೂರಾದ ಹೋರಿಯೋಗೆ ಹೋಗುವ ಕಲಿ ಸ್ತ್ರಾತಾ ಎಂಬ ದಾರಿಯಲ್ಲಿ ಸುಮಾರು 500 ಮೆಟ್ಟಿಲುಗಳಿವೆ. ನಾನು ಸೂರ್ಯ ಹುಟ್ಟುವ ಮೊದಲು ಹತ್ತಿದೆ. ಅಮ್ಮ ಕೆಳಗೇ ಉಳಿದರು. ಆ ನೋಟ ಅವರಿಗೆ ತಪ್ಪಿತಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

ಹಾಲ್ಕಿಯಲ್ಲಿ ಆ ಕಷ್ಟವಿಲ್ಲ. ಬಂದರು, ಊಟದ ಮೇಜು, ನಮ್ಮ ಕೋಣೆ, ಎಲ್ಲವೂ ಒಂದೇ ಸಮತಟ್ಟು ದಂಡೆಯ ಮೇಲೆ. ಮನೆಗಳು ಸಿಮಿಯವುಗಳ ತಂಗಿಯರ ಹಾಗಿವೆ, ಸಂಖ್ಯೆ ಮಾತ್ರ ಕಡಿಮೆ. ಕೆಲವು ಮನೆಗಳಿಂದ ಮೆಟ್ಟಿಲಿಳಿದರೆ ನೇರ ನೀರೇ. ಅಮ್ಮ ಬೆಳಿಗ್ಗೆ ಕಾಫಿ ಲೋಟ ಹಿಡಿದು ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಕಾಲ ಬಳಿಯೇ ಮೀನು ಸುಳಿದಾಡುತ್ತಿದ್ದವು. ಪೊಂಡಾಮೊಸ್ ಕಡಲತೀರಕ್ಕೆ ಹತ್ತು ನಿಮಿಷದ ನಡಿಗೆ, ಅಷ್ಟನ್ನು ಅವರೂ ನಡೆದರು. ಅಲ್ಲಿಂದ ಮುಂದೆ ಪಾಳುಬಿದ್ದ ಹಳೆಯ ಊರಿಗೆ ಏರುವ ರಸ್ತೆಗೆ ಅಮೆರಿಕದ ಊರೊಂದರ ಹೆಸರು: ಟಾರ್ಪನ್ ಸ್ಪ್ರಿಂಗ್ಸ್. ಇಲ್ಲಿನ ಸ್ಪಂಜ್ ಮುಳುಗುಗಾರರು ಫ್ಲೋರಿಡಾದ ಆ ಊರಿಗೆ ವಲಸೆ ಹೋದರು. ಅಲ್ಲಿ ದುಡಿದ ದುಡ್ಡು ಕಳಿಸಿ ಊರಿಗೆ ರಸ್ತೆ ಮಾಡಿಸಿದರು. ಗಲ್ಫಿನ ದುಡ್ಡಲ್ಲಿ ನಮ್ಮ ಕರಾವಳಿಯ ಊರುಗಳಲ್ಲಿ ಮನೆ ಎದ್ದ ಹಾಗೆ, ಅಲ್ವಾ?

ಊಟದಲ್ಲಿ ಎರಡೂ ಕಡೆ ಹಸಿವಿನಿಂದ ಇರಬೇಕಾಗಲಿಲ್ಲ. ಸಿಮಿಯ ಹೆಮ್ಮೆ ಚಿಪ್ಪು ಸಮೇತ ಕರಿದ ಪುಟ್ಟ ಸಿಗಡಿ, ಅದು ನಮಗಲ್ಲ. ನಾವು ತಿಂದದ್ದು ಫಾವಾ. ಹಳದಿ ಬೇಳೆ ಬೇಯಿಸಿ ಮಸೆದು ಮೇಲೆ ಆಲಿವ್ ಎಣ್ಣೆ, ಈರುಳ್ಳಿ ಹಾಕಿರುತ್ತಾರೆ. ಒಗ್ಗರಣೆ ಇಲ್ಲದ ತೊವ್ವೆ ಅಂದುಕೊಳ್ಳಿ. ಹಾಲ್ಕಿಯಲ್ಲಿ ಸಿಕ್ಕ ಯೆಮಿಸ್ತಾ ಅಮ್ಮನಿಗೆ ಜಾಸ್ತಿ ಹಿಡಿಸಿತು. ಟೊಮೇಟೊ, ದೊಣ್ಣೆಮೆಣಸಿನಕಾಯಿಯೊಳಗೆ ಅಕ್ಕಿ, ಸೊಪ್ಪು ತುಂಬಿ ಬೇಯಿಸಿದ್ದು. ಆದರೆ ಇದಕ್ಕೆ ಕೆಲವರು ಕೈಮಾ ಸೇರಿಸುತ್ತಾರೆ, ಕೇಳಿಯೇ ತಗೊಳ್ಳಿ. ‘ನಿಸ್ತೀಸಿಮೊ’ ಅಂದರೆ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಸಿಗಡಿ, ಆಕ್ಟೋಪಸ್ ಇರಬಹುದು. ಆ ಒಂದು ಪದ ನಂಬಿ ಆರ್ಡರ್ ಮಾಡಬೇಡಿ.

ಅಮ್ಮನನ್ನು ಕರೆದುಕೊಂಡು ಮತ್ತೆ ಹೋದರೆ ನಾನು ಆರಿಸುವುದು ಹಾಲ್ಕಿಯನ್ನೇ. ಒಬ್ಬನೇ ಹೋದರೆ ಸಿಮಿ, ಬರೀ ಆ ತಿರುವಿಗೋಸ್ಕರ.

ಎರಡಕ್ಕೂ ಹೋಗುವವರು ಹಾಲ್ಕಿಯನ್ನು ಮೊದಲು ಇಟ್ಟುಕೊಳ್ಳಿ. ಅಲ್ಲಿಗೆ ದೋಣಿ ಕಡಿಮೆ. ಹೆಚ್ಚಿನವು ಹೊರಡುವುದು ರೋಡ್ಸ್ ಪಟ್ಟಣದಿಂದ ದೂರ, ಪಶ್ಚಿಮ ತೀರದ ಸ್ಕಾಲಾ ಕಮೀರೊಸ್‌ನಿಂದ. ನಮ್ಮ ಬಸ್ಸು ತಡವಾಗಿ ಮೊದಲ ದಿನ ದೋಣಿಯೇ ತಪ್ಪಿತು. ಬೇಸಿಗೆಯ ಮೆಲ್ತೆಮಿ ಗಾಳಿ ಜೋರಾದರೆ ಸಣ್ಣ ದೋಣಿಗಳು ಹೊರಡುವುದೇ ಇಲ್ಲ. ಸಿಮಿಯಿಂದಾದರೆ ವೇಗದ ದೋಣಿಯಲ್ಲಿ ಸುಮಾರು ಒಂದು ಗಂಟೆಗೆ ರೋಡ್ಸ್ ಪಟ್ಟಣ. ವಿಮಾನದ ಹಿಂದಿನ ದಿನಕ್ಕೆ ಅದೇ ಒಳ್ಳೆಯದು.