‘ನ್ಯಾಚುರಲ್’ ಅಂತ ಮನೆ ಬಾಗಿಲಿಗೆ ಬರುವ ಬಚ್ಚಲ ಲಿಕ್ವಿಡ್ ತಗೋಬೇಡಿ

ರಾಯಚೂರಿನವರು, ಮಾನ್ವಿ, ಸಿಂಧನೂರು ಕಡೆಯವರೂ ದಯವಿಟ್ಟು ಓದಿ. ಬೈಕಿನ ಹಿಂದೆ ಕ್ಯಾನ್ ಕಟ್ಟಿಕೊಂಡು ಓಣಿ ಓಣಿ ತಿರುಗಿ, ‘ಕೆಮಿಕಲ್ ಇಲ್ಲದ ಲಿಕ್ವಿಡ್’ ಅಂತ ಮಾರುವವರ ಹತ್ತಿರ ಏನನ್ನೂ ಕೊಳ್ಳಬೇಡಿ. ಹಳೇ ನೀರಿನ ಬಾಟಲಿಗೆ ತುಂಬಿ ಕೊಡುತ್ತಾರೆ. ಮೇಲೆ ಒಂದು ಚೀಟಿಯೂ ಇರುವುದಿಲ್ಲ. ಅದನ್ನು ಬಳಸಿ ನಮ್ಮವ್ವ ಆಸ್ಪತ್ರೆ ಸೇರಬೇಕಾಯಿತು. ಈಗ ಆರಾಮಾಗಿದ್ದಾಳೆ. ಆದರೆ ಅವತ್ತು ಪಕ್ಕದ ಮನೆ ಕಾಕು ಕೆಮ್ಮು ಕೇಳಿ ಓಡಿ ಬರದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಕೈಕಾಲು ನಡುಗುತ್ತವೆ.

ನಮ್ಮ ಕಡೆ ಬೋರ್ ನೀರು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಲ್ಲಿ, ಬಕೆಟ್, ಟೈಲ್ಸ್, ಎಲ್ಲದರ ಮೇಲೂ ಬಿಳಿ ಉಪ್ಪು ಕಟ್ಟುತ್ತದೆ. ಸೋಪಿನ ಪುಡಿ ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಂಗಡಿಯ ಆಸಿಡ್ ವಾಸನೆ ಅವ್ವನಿಗೆ ಆಗಿಬರುವುದಿಲ್ಲ, ಅದಕ್ಕೇ ಕೆಮಿಕಲ್ ಇಲ್ಲದ್ದು ಸಿಕ್ಕರೆ ಸಾಕು ಅಂತ ಹುಡುಕುತ್ತಿದ್ದಳು. ಮಾರಲು ಬಂದವನು ಹೇಳಿದ್ದೂ ಅದನ್ನೇ: “ಇದ್ರಾಗ ಏನೂ ಇಲ್ಲ ಅಮ್ಮಾರೆ, ಬರೀ ನಿಂಬಿಹಣ್ಣು, ಬೇವು, ಅಂಟುವಾಳ. ಸಣ್ಣ ಮಕ್ಳ ಕೈಯಾಗ ಕೊಟ್ರೂ ನಡೀತದ.” ಹಳದಿ ಬಣ್ಣ, ಘಮ ಘಮ ನಿಂಬೆ ವಾಸನೆ. ಯಾರಾದರೂ ನಂಬುತ್ತಾರೆ.

ಇನ್ನೊಂದು ವಿಷಯ ಹೇಳಬೇಕು. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರಲ್ಲ, ಅವತ್ತಿನಿಂದ ನಮ್ಮ ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಖಾಲಿಯಾಗಲು ಬಿಡುವುದಿಲ್ಲ. ಸಂಪು ತೊಳೆಯಲು, ಮೋರಿಗೆ, ಪಾಯಿಖಾನೆಗೆ, ಎಲ್ಲದಕ್ಕೂ ಅದೇ. ಅವತ್ತು ಬೆಳಿಗ್ಗೆ ಅವ್ವ ಪಾಯಿಖಾನೆಗೆ ಬ್ಲೀಚಿಂಗ್ ಉದುರಿಸಿದ್ದಳು. ಮಧ್ಯಾಹ್ನ ಅದರ ಮೇಲೇ ಈ ಲಿಕ್ವಿಡ್ ಸುರಿದು, ಕುಕ್ಕರಗಾಲಲ್ಲಿ ಕೂತು ಬ್ರಷ್ ಹಿಡಿದಿದ್ದಾಳೆ. ಚುರ್ ಅಂತ ನೊರೆ ಎದ್ದಿದೆ. ಕಣ್ಣು ಉರಿ, ಗಂಟಲು ಉರಿ, ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ.

ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದರಲ್ಲ, ಅದೇ ಅನಿಲ. ಅದು ಗಾಳಿಗಿಂತ ಭಾರ, ಮೇಲಕ್ಕೆ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ. ನಮ್ಮ ಹೆಣ್ಣುಮಕ್ಕಳು ಬಚ್ಚಲು ತಿಕ್ಕುವುದು ಕೂತುಕೊಂಡೇ ಅಲ್ವಾ? ಮುಖ ಇರುವುದೂ ಅಷ್ಟೇ ಎತ್ತರದಲ್ಲಿ. ಮೇಲೆ ಕಿಂಡಿ ಇದೆ ಅಂತ ಧೈರ್ಯ ಪಡಬೇಡಿ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಸಂಜೆ ಹೊತ್ತಿಗೆ ಕೆಮ್ಮು ಕಮ್ಮಿಯಾಗಿ ಅವ್ವ ಮನೆಗೆ ಹೋಗೋಣ ಅಂತ ಹಟ ಹಿಡಿದರೂ ಡಾಕ್ಟರು ಬಿಡಲಿಲ್ಲ. ಈ ಅನಿಲ ಕುಡಿದವರಿಗೆ ಮೊದಲು ಚೆನ್ನಾಗಿ ಅನಿಸಿ, ಎಷ್ಟೋ ತಾಸಿನ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುವುದುಂಟಂತೆ.

ಉಳಿದ ಲಿಕ್ವಿಡನ್ನು ನಮ್ಮ ಓಣಿಯಲ್ಲೇ ಇರುವ ಕೆಮಿಸ್ಟ್ರಿ ಮೇಷ್ಟ್ರಿಗೆ ತೋರಿಸಿದೆ. ಲಿಟ್ಮಸ್ ಪೇಪರ್ ಕೆಂಪಾಯಿತು, ಆದರೆ ನಿಂಬೆರಸಕ್ಕೂ ಅದು ಕೆಂಪಾಗುತ್ತದೆ, ಅದರಿಂದ ಏನೂ ಗೊತ್ತಾಗಲ್ಲ ಅಂದರು. ಆಮೇಲೆ ಮುಚ್ಚಳ ತೆಗೆದಾಗ ಬಾಟಲಿ ಬಾಯಿಂದ ಸಣ್ಣಗೆ ಬಿಳಿ ಹೊಗೆ ಬಂತು. ನಿಂಬೆರಸ ಹೊಗೆಯಾಡುವುದಿಲ್ಲ. ಇದು ಹೈಡ್ರೋಕ್ಲೋರಿಕ್ ಆಸಿಡ್ಡೇ, ಬಣ್ಣ ಸೆಂಟು ಹಾಕಿದ್ದಾರೆ ಅಂತ ಹೇಳಿದರು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಆ ಬಾಟಲಿ ಇಟ್ಟಿದ್ದ ಜಾಗದಲ್ಲಿ ದುಂಡಗೆ ಒಂದು ಬಿಳಿ ಕಲೆ ಕೂತಿದೆ, ಬೆರಳಾಡಿಸಿದರೆ ತರಿ ತರಿ. ಅದು ಸುಣ್ಣದ ಕಲ್ಲು, ಆಸಿಡ್ ಅದನ್ನೇ ತಿಂದಿದೆ. ಅವ್ವನ ಎದೆಯೊಳಗೆ ಹೋಗಿದ್ದು ಇದರಿಂದ ಎದ್ದ ಗಾಳಿ.

ಇಲ್ಲಿ ಇನ್ನೊಂದು ಮಾತು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವನು ನಿಜವಾಗಲೂ ಬರೀ ನಿಂಬೆರಸವನ್ನೇ ಕೊಟ್ಟಿದ್ದರೂ ಬ್ಲೀಚಿಂಗ್ ಜೊತೆ ಸೇರಿಸುವಂತಿರಲಿಲ್ಲ. ನಿಂಬೆರಸ, ವಿನೆಗರ್, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಹುಣಸೆಹಣ್ಣು ಎಲ್ಲವೂ ಹುಳಿಯೇ, ಅಂದರೆ ಇವುಗಳಲ್ಲೂ ಇರುವುದು ಆಸಿಡ್ಡೇ. ಬ್ಲೀಚಿಂಗ್‌ಗೆ ಇವು ಬಿದ್ದರೂ ಅದೇ ಅನಿಲ ಬರುತ್ತದೆ. ಶಹಾಬಾದ್ ಕಲ್ಲು, ಕಡಪ ಕಲ್ಲಿನ ಮೇಲೂ ಇವನ್ನು ಹಾಕಬೇಡಿ, ಹೊಳಪು ಹೋಗುತ್ತದೆ. ಇನ್ನು ಅಡುಗೆ ಸೋಡಾಕ್ಕೆ ವಿನೆಗರ್ ಸೇರಿಸಿ ನೊರೆ ಬರಿಸುವ ವಿಡಿಯೋಗಳು ಓಡಾಡುತ್ತವಲ್ಲ, ಅದರಿಂದ ಅಪಾಯವಿಲ್ಲ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ಮುರಿಯುತ್ತದೆ. ಸುಮ್ನೆ ಎರಡೂ ದಂಡ.

ಈಗ ನಮ್ಮನೆಯಲ್ಲಿ ಟೈಲ್ಸ್ ಮತ್ತು ನಲ್ಲಿಯ ಉಪ್ಪಿಗೆ ನಿಂಬೆ ಉಪ್ಪನ್ನು ನೀರಲ್ಲಿ ಕರಗಿಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕುತ್ತೇವೆ. ಕಲ್ಲಿನ ನೆಲಕ್ಕೆ ಅಂಟುವಾಳ ನೆನೆಸಿ ಕಿವುಚಿದ ನೀರು. ಕಣ್ಣಿಗೆ ಬಿದ್ದರೆ ಅದೂ ಉರಿಯುತ್ತದೆ, ಮಕ್ಕಳನ್ನು ದೂರ ಇಡಿ. ಸಿಂಕಿನ ಜಿಡ್ಡಿಗೆ ಅಡುಗೆ ಸೋಡಾ ಸಾಕು. ತಾಮ್ರ ಹಿತ್ತಾಳೆಗೆ ಹುಣಸೆಹಣ್ಣು ಇದ್ದೇ ಇದೆ. ಬ್ಲೀಚಿಂಗ್ ಈಗ ಸಂಪು ತೊಳೆಯಲು ಮಾತ್ರ, ಅದರ ಡಬ್ಬಿ ಬಚ್ಚಲಲ್ಲಿ ಇಡುವುದೇ ಇಲ್ಲ.

ಪ್ಯಾಕ್ ಮಾಡಿದ ಮಾಲು ಯಾವುದೇ ಇರಲಿ, ತಯಾರಿಸಿದವರ ಹೆಸರು, ವಿಳಾಸ, ತಿಂಗಳು, ಅಳತೆ, ಬೆಲೆ ಅಚ್ಚು ಹಾಕಿರಲೇಬೇಕು. 2011ರ ಪ್ಯಾಕೇಜ್ ನಿಯಮದಲ್ಲೇ ಇದು ಇದೆ. ಆಸಿಡ್ ಮಾರಲು ಕೊಳ್ಳುವವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನೀರಿನ ಬಾಟಲಿಯಲ್ಲಿ ತುಂಬಿ ಬಾಗಿಲಲ್ಲಿ ಕೊಟ್ಟು ಹೋಗುವುದು ಯಾವ ಲೆಕ್ಕಕ್ಕೂ ಸರಿಯಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಯಾರಿಗಾದರೂ ಹೀಗಾದರೆ ಮೊದಲು ಹೊರಗೆ ಬಯಲಿಗೆ ಕರೆತನ್ನಿ. ನೀರು ಹಾಕಲು, ಬಾಟಲಿ ತರಲು ಅಂತ ಮತ್ತೆ ಒಳಗೆ ಹೋಗಬೇಡಿ. ಕಣ್ಣನ್ನು 15 ನಿಮಿಷ ಬರೀ ನೀರಲ್ಲಿ ತೊಳೆಯುತ್ತಲೇ ಇರಿ. 108ಕ್ಕೆ ಫೋನ್ ಮಾಡಿ. ಯಾರಾದರೂ ಆ ಲಿಕ್ವಿಡ್ ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, ಬರುವಾಗ ಗಂಟಲು ಮತ್ತೆ ಸುಡುತ್ತದೆ.

ಈ ಮಾರುವವರು ಬರುವುದು ಮಧ್ಯಾಹ್ನ, ಮನೆಯಲ್ಲಿ ವಯಸ್ಸಾದವರು ಮಾತ್ರ ಇರುವ ಹೊತ್ತಿಗೆ. ಹಾಗಾಗಿ ನೀವು ಓದಿದರೆ ಸಾಲದು, ಅವ್ವನಿಗೆ, ಅಜ್ಜಿಗೆ, ಮನೆಗೆಲಸಕ್ಕೆ ಬರುವ ಅಕ್ಕನಿಗೆ ಇವತ್ತೇ ಬಾಯಿಬಿಟ್ಟು ಹೇಳಿ. ಬಾಟಲಿ ಈಗಾಗಲೇ ಮನೆಯಲ್ಲಿದ್ದರೆ ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಆಸಿಡ್’ ಅಂತ ಬರೆದು, ಮಕ್ಕಳ ಕೈಗೆ ಸಿಗದ ಕಡೆ ನೆಟ್ಟಗೆ ನಿಲ್ಲಿಸಿ ಇಡಿ.