ಶರಾವತಿ ಹಿನ್ನೀರಿನಲ್ಲಿ ಬೇಸಿಗೆ ಕ್ಯಾಂಪಿಂಗ್: ಅಡ್ವಾನ್ಸ್ ಹಾಕುವ ಮೊದಲು ಇದನ್ನು ಓದಿ

ಬೇಸಿಗೆ ರಜೆಗೆ ಕಾರಿನಲ್ಲಿ ಮಲೆನಾಡು ಸುತ್ತುವ ಪ್ಲಾನ್ ಹಾಕುತ್ತಿರುವವರಿಗೆ ಒಂದು ಮಾತು. ಶರಾವತಿ ಹಿನ್ನೀರು ಇಳಿದ ಮೇಲೆ ಕಾಣುವ ಬಯಲಿನ ಮೇಲೆ ಕಾರು ಇಳಿಸಿ, ನೀರಿನ ಅಂಚಿನಲ್ಲೇ ಟೆಂಟ್ ಹಾಕಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಎಷ್ಟೇ ಚೆಂದದ ವಿಡಿಯೊ ತೋರಿಸಲಿ, ಎಷ್ಟೇ ಕಮ್ಮಿ ರೇಟ್ ಹೇಳಲಿ, ಬೇಡ. ನಾವು ಕೊಟ್ಟಿದ್ದೆವು. ಮುಂದೆ ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ. ಆ ಟ್ರಿಪ್ ನಡೆಸಿದವರ ಹೆಸರು ಹಾಕುವುದಿಲ್ಲ. ಇದೇ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ, ಹಾಗಾಗಿ ಹೆಸರಿಗಿಂತ ರೀತಿ ಗೊತ್ತಾಗುವುದು ಮುಖ್ಯ.

ನಾವು ಎರಡು ಕಾರು, ಮೂರು ಸಂಸಾರ, ಜೊತೆಗೆ ಮಕ್ಕಳು. ದಾರಿ ನಾವೇ ಹಾಕಿಕೊಂಡಿದ್ದು. ಬೆಂಗಳೂರಿನಿಂದ ತರೀಕೆರೆ, ಅಲ್ಲಿಂದ ಲಕ್ಕವಳ್ಳಿಯ ಭದ್ರಾ ಹಿನ್ನೀರು. ಆಮೇಲೆ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಹೊಸನಗರ, ಕೊನೆಗೆ ಸಾಗರ. ನೀರು, ಕಾಡು, ಮತ್ತೆ ನೀರು. ಈ ದಾರಿಯ ಬಗ್ಗೆ ನನಗೆ ಒಂದು ದೂರೂ ಇಲ್ಲ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರೀವಾ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಅದನ್ನು ದೋಣಿಯಲ್ಲಿ ಕೂತು ನೋಡುವುದಕ್ಕೇ ಒಂದು ಸಲ ಹೋಗಬಹುದು. ಹೊಸನಗರದ ಕಡೆ ಸಣ್ಣ ರಸ್ತೆಗಳಲ್ಲಿ ನಿಧಾನಕ್ಕೆ ಹೋದರೆ ತಿರುವಿಗೊಂದು ಕಡೆ ನೀರು ಕಾಣುತ್ತದೆ. ಮಕ್ಕಳು ಫೋನ್ ಬದಿಗಿಟ್ಟು ಕಿಟಕಿಗೆ ಮುಖ ಅಂಟಿಸಿಕೊಂಡು ಕೂತಿದ್ದರು.

ತೊಂದರೆ ಆಗಿದ್ದು ಸಾಗರದಲ್ಲಿ. ಅಲ್ಲಿಯ ರಾತ್ರಿಗೆ ನಾವು ಒಬ್ಬ ಟ್ರಿಪ್ ಆರ್ಗನೈಸರ್ ಹತ್ತಿರ ಬುಕ್ ಮಾಡಿದ್ದೆವು. 'ಓವರ್‌ಲ್ಯಾಂಡ್ ಕ್ಯಾಂಪ್' ಅಂತ ಹೆಸರು. ತಲೆಗೆ 2,500 ರೂಪಾಯಿ. ಅರ್ಧ ದುಡ್ಡು ಮೊದಲೇ ಯುಪಿಐನಲ್ಲಿ ಹಾಕಬೇಕು. ಫಾರೆಸ್ಟ್ ಪರ್ಮಿಷನ್ ಇದೆಯಾ ಅಂತ ಕೇಳಿದೆವು. ಇದೆ ಅಂತ ಸೀಲು ಹೊಡೆದ ಒಂದು ಕಾಗದದ ಫೋಟೊ ವಾಟ್ಸಾಪಿನಲ್ಲಿ ಕಳಿಸಿದ. ಮಕ್ಕಳಿದ್ದಾರೆ, ಜಾಗ ಸೇಫ್ ಅಲ್ವಾ ಅಂತಲೂ ಕೇಳಿದೆವು. "ಸರ್, ವಾರವಾರ ಫ್ಯಾಮಿಲಿಗಳೇ ಬರೋದು" ಅಂದ. ಲೊಕೇಶನ್ ಮಾತ್ರ ಅವತ್ತು ಮಧ್ಯಾಹ್ನದವರೆಗೂ ಕಳಿಸಲಿಲ್ಲ. ಇದನ್ನು ಗುರುತು ಇಟ್ಟುಕೊಳ್ಳಿ. ಸರಿಯಾದ ಜಾಗ ಇಟ್ಟುಕೊಂಡವರಿಗೆ ವಿಳಾಸ ಕೊನೇ ಗಳಿಗೆವರೆಗೆ ಮುಚ್ಚಿಡುವ ಅಗತ್ಯ ಇರುವುದಿಲ್ಲ.

ಲೊಕೇಶನ್ ಹಿಡಿದು ಹೋದರೆ ಡಾಂಬರು ರಸ್ತೆ ಮುಗಿದು ಮಣ್ಣು ರಸ್ತೆ, ಅದೂ ಮುಗಿದು ಬರೀ ಟೈರಿನ ಗುರುತು. ಆಮೇಲೆ ಇಳಿಜಾರು, ಅದರಾಚೆ ಮೈಲಿಗಟ್ಟಲೆ ಬೋಳು ಬಯಲು. ಅಲ್ಲಲ್ಲಿ ಕರ್ರಗಿನ ಮರದ ಬೊಡ್ಡೆಗಳು. ದೂರದಲ್ಲಿ ನೀರು. ಅವನ ಹುಡುಗನೊಬ್ಬ ಬೈಕಿನಲ್ಲಿ ಮುಂದೆ ಹೋಗುತ್ತಾ, ಹಿಂದೆ ಬನ್ನಿ ಅಂತ ಕೈ ಮಾಡುತ್ತಿದ್ದ.

ಆ ಬಯಲು ಏನು ಅಂತ ತಿಳಿದುಕೊಂಡರೆ ಅಲ್ಲಿಗೆ ಕಾರು ಇಳಿಸುವ ಆಸೆ ಯಾರಿಗೂ ಬರುವುದಿಲ್ಲ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲ ಮುಗಿದ ಮೇಲೆ ಕರೆಂಟ್ ತಯಾರಿಸಲು ನೀರು ಬಿಡುತ್ತಲೇ ಇರುತ್ತಾರೆ, ಬೇಸಿಗೆಯ ಕೊನೆಗೆ ನೀರು ಹತ್ತಾರು ಅಡಿ ಇಳಿದಿರುತ್ತದೆ. ಆಗ ಮುಳುಗಿದ್ದ ನೆಲ ಮೇಲೆ ಬರುತ್ತದೆ. ಹಳೆ ರಸ್ತೆ, ಬಾವಿ, ಮನೆಗಳ ತಳಪಾಯ ಎಲ್ಲ ಕಾಣುತ್ತವೆ. 1948ರ ಹಿರೇಭಾಸ್ಕರ ಅಣೆಕಟ್ಟು, ಅಲ್ಲಿಯವರು ಮಡೆನೂರು ಡ್ಯಾಂ ಅನ್ನುತ್ತಾರಲ್ಲ, ಅದು ಕಾಣಿಸುವುದೂ ಹೀಗೆ ನೀರು ಇಳಿದಾಗಲೇ. ಆ ಬಾವಿಕಟ್ಟೆಗಳು ಯಾರೋ ನೀರು ಸೇದಿದ ಬಾವಿಗಳು. ಊರು ಬಿಟ್ಟು ಹೋದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅದೇ ಜಿಲ್ಲೆಯಲ್ಲಿದ್ದಾರೆ. ಅಂಥ ಜಾಗದಲ್ಲಿ ಡಿಜೆ ಹಾಕಿ ಪಾರ್ಟಿ ಮಾಡಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಆ ನೆಲದ ವಿಷಯ. ವರ್ಷದ ಹೆಚ್ಚು ಕಾಲ ನೀರಿನಡಿ ಇರುವ ಮಣ್ಣು ಅದು. ಬಿಸಿಲಿಗೆ ಮೇಲೆ ಹಪ್ಪಳದಂತೆ ಒಣಗಿ ಬಿರಿದಿರುತ್ತದೆ, ಒಳಗೆ ಹೂಳು ಹಸಿಯಾಗೇ ಇರುತ್ತದೆ. ನಡೆದರೆ ಗೊತ್ತಾಗುವುದಿಲ್ಲ. ಬೈಕೂ ಹಾದು ಹೋಗಬಹುದು. ಒಂದೂವರೆ ಟನ್ ಕಾರಿನ ಭಾರ ನಾಲ್ಕು ಟೈರಿನ ಮೇಲೆ ಬಿದ್ದಾಗ ಆ ಪದರ ಒಡೆಯುತ್ತದೆ. ನೀರಿಗೆ ಹತ್ತಿರ ಹೋದಷ್ಟೂ ಪದರ ತೆಳು. ಫೋರ್ ವೀಲ್ ಡ್ರೈವ್ ಇದ್ದರೂ ಇಲ್ಲಿ ದೊಡ್ಡ ಉಪಯೋಗವಿಲ್ಲ. ನಾಲ್ಕು ಚಕ್ರವೂ ಹೂಳಿನಲ್ಲಿ ತಿರುಗಿದರೆ ಕಾರು ಇನ್ನಷ್ಟು ಕೆಳಗೆ ಹೋಗುತ್ತದೆ ಅಷ್ಟೆ.

ನಮ್ಮ ಮುಂದಿನ ಕಾರಿಗೆ ಆಗಿದ್ದು ಅದೇ. ಟೆಂಟಿನ ಜಾಗಕ್ಕೆ ಇನ್ನೂ ಸ್ವಲ್ಪ ದೂರ ಇತ್ತು. ಎಡಗಡೆಯ ಎರಡು ಚಕ್ರ ಒಟ್ಟಿಗೆ ಇಳಿದವು, ಕಾರು ಒಂದು ಕಡೆಗೆ ವಾಲಿತು, ತಳ ಮಣ್ಣಿಗೆ ತಾಗಿ ಕೂತಿತು. ಒಳಗೆ ಮಕ್ಕಳು. ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಎತ್ತಿ ಇಳಿಸಿಕೊಂಡೆವು. ಬೈಕಿನ ಹುಡುಗ ಹಗ್ಗ ತರುತ್ತೇನೆ ಅಂತ ಹೋದವನು ಬರಲೇ ಇಲ್ಲ. ಆರ್ಗನೈಸರ್ ಫೋನ್ ಮೊದಲು ರಿಂಗ್ ಆಯಿತು, ಆಮೇಲೆ ಸ್ವಿಚ್ ಆಫ್. ನಮ್ಮ ಫೋನಿನಲ್ಲೂ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು.

ಅಷ್ಟರಲ್ಲಿ ಪಶ್ಚಿಮದ ಕಡೆ ಮೋಡ ಕಟ್ಟಿತು. ಏಪ್ರಿಲ್ ಕೊನೆ, ಭರಣಿ ಮಳೆಯ ಹೊತ್ತು. ಮಲೆನಾಡಿನಲ್ಲಿ ಆ ತಿಂಗಳ ಮಳೆ ಸಂಜೆಗೆ ಗುಡುಗು ಸಿಡಿಲಿನ ಜೊತೆ ಬರುತ್ತದೆ. ಮರವಿಲ್ಲದ ಬಯಲಿನಲ್ಲಿ ನಿಂತಿರುವ ಮನುಷ್ಯನೇ ಎತ್ತರದ ವಸ್ತು. ಟೆಂಟು ಸಿಡಿಲಿನಿಂದ ಕಾಪಾಡುವುದಿಲ್ಲ. ಎಲ್ಲರೂ ಹಿಂದಿನ ಕಾರಿನಲ್ಲಿ ತುರುಕಿಕೊಂಡು, ಗಾಜು ಏರಿಸಿ ಕೂತೆವು. ಆ ಹೊತ್ತಿನಲ್ಲಿ ನಾವು ಟೆಂಟಿನೊಳಗೆ ಇರಬೇಕಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ. ಸಿಡಿಲು ಸುತ್ತ ಬೀಳುತ್ತಿತ್ತು. ಮಕ್ಕಳು ಅಳುತ್ತಿದ್ದರು.

ಮಳೆ ನಿಂತ ಮೇಲೆ ದಡದ ಮೇಲಿಂದ ಟಾರ್ಚ್ ಬೆಳಕು ಕಾಣಿಸಿತು. ಹತ್ತಿರದ ಊರಿನ ಯಜಮಾನರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಕಾರಿನ ದೀಪ ನೋಡಿ ಬಂದರಂತೆ. "ಎಂತ ಮಾರಾಯ್ರೇ, ಯಾರು ಹೇಳಿದ್ದು ನಿಮಗೆ ಇಲ್ಲಿ ಇಳೀರಿ ಅಂತ? ಮಕ್ಕಳು ಮರಿ ಬೇರೆ. ಇದು ನೆಲ ಅಲ್ಲ, ಹೂಳು" ಅಂದರು. ನಮ್ಮನ್ನೆಲ್ಲ ಮನೆಗೆ ಕರೆದುಕೊಂಡು ಹೋದರು. ಆ ಮನೆಯ ಅಮ್ಮ ಮಕ್ಕಳಿಗೆ ಬಿಸಿ ಗಂಜಿ, ಉಪ್ಪಿನಕಾಯಿ ಹಾಕಿಕೊಟ್ಟರು. ಬೆಳಿಗ್ಗೆ ಟ್ರ್ಯಾಕ್ಟರ್ ತಂದು, ಚಕ್ರದಡಿ ಹಲಗೆ ಕೊಟ್ಟು, ಹಗ್ಗ ಕಟ್ಟಿ ಕಾರು ಎಳೆದರು. ಡೀಸೆಲಿಗೆ ಅಂತ ಬಲವಂತ ಮಾಡಿದ ಮೇಲೆ ಒಂದಿಷ್ಟು ತೆಗೆದುಕೊಂಡರು. ಅವರ ಋಣ ದೊಡ್ಡದು.

ಕಾರು ಎಳೆಯುವಾಗಲೇ ಫಾರೆಸ್ಟ್ ಗಾರ್ಡ್ ಬಂದರು. ನಾವು ಆ ಕಾಗದದ ಫೋಟೊ ತೋರಿಸಿದೆವು. ಅವರು ಓದಿ, ಇದು ಬೇರೆ ಊರಿನ ಒಂದು ಹೋಂಸ್ಟೇಗೆ ಪಂಚಾಯ್ತಿ ಕೊಟ್ಟ ಲೈಸೆನ್ಸು, ಹಿನ್ನೀರಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂದರು. ಮುಳುಗಡೆ ಜಾಗ ವಿದ್ಯುತ್ ನಿಗಮದ ಕೈಯಲ್ಲಿದೆ, ದಡದ ಕಾಡು ಅರಣ್ಯ ಇಲಾಖೆಯದ್ದು, ಇಲ್ಲಿ ಕ್ಯಾಂಪ್ ಮಾಡಿಸುವ ಹಕ್ಕು ಅವನಿಗೆ ಯಾರೂ ಕೊಟ್ಟಿಲ್ಲ ಅಂತ ವಿವರಿಸಿದರು. ಶರಾವತಿ ಕಣಿವೆಯ ದೊಡ್ಡ ಭಾಗ 2019ರಿಂದ ಸಿಂಗಳೀಕ ಅಭಯಾರಣ್ಯ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋದರೆ, ಬೆಂಕಿ ಹಾಕಿದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬೇಸಿಗೆಯಲ್ಲಿ ಕ್ಯಾಂಪ್‌ಫೈರ್ ಕಿಡಿ ದರಕಿಗೆ, ಅಂದರೆ ಉದುರಿದ ಒಣ ಎಲೆಗೆ ಹಾರಿದರೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಕೇಸ್ ಬೀಳುವುದು ಅಲ್ಲಿ ಸಿಕ್ಕವರ ಮೇಲೆ, ಅಡ್ವಾನ್ಸ್ ತಗೊಂಡು ಫೋನ್ ಆಫ್ ಮಾಡಿದವನ ಮೇಲಲ್ಲ. ನಮ್ಮ ಸ್ಥಿತಿ ನೋಡಿ ಅವರು ಹೇಳಿಕೆ ಬರೆಸಿಕೊಂಡು ಬಿಟ್ಟರು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಂಬಬೇಡಿ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲವೇನೋ. ಆ ಮನೆಯ ಅಮ್ಮ ಕೇಳಿದ ಮೊದಲ ಪ್ರಶ್ನೆ ಕಾರಿನ ಬಗ್ಗೆ ಅಲ್ಲ. "ದರಕಿನ ಮೇಲೆ ಕೂತಿದ್ರಾ? ಮಕ್ಕಳ ಮೈ ನೋಡಿ, ಉಣುಗು ಹತ್ತಿರ್ತದೆ" ಅಂದರು. ಮಧ್ಯಾಹ್ನ ದಡದ ಮರದಡಿ ಕಾಯಿರಿ ಅಂತ ಆರ್ಗನೈಸರ್ ಹೇಳಿದ್ದ. ಅಲ್ಲೇ ಚಾಪೆ ಹಾಸಿ ಊಟ ಮಾಡಿದ್ದೆವು. ಮಕ್ಕಳು ಒಣ ಎಲೆಯಲ್ಲಿ ಹೊರಳಾಡಿದ್ದರು. ಮೈ ನೋಡಿದರೆ ಇಬ್ಬರು ಮಕ್ಕಳ ಕಾಲಿನಲ್ಲಿ, ನನ್ನ ಗೆಳೆಯನ ಸೊಂಟದ ಹತ್ತಿರ ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಉಣುಗು.

ಮಂಗನ ಕಾಯಿಲೆ ಅಂತ ಕೇಳಿರುತ್ತೀರಿ. ಮೊದಲು ಕಂಡಿದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಇಂಗ್ಲಿಷಿನಲ್ಲಿ ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್. ವೈರಸ್ ಹರಡುವುದು ಉಣುಗಿನಿಂದ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗೆಲ್ಲ ಸುತ್ತ ನೆಲಕ್ಕೆ ಇಳಿಯುತ್ತವೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವೆಲ್ಲ ಟ್ರಿಪ್ ಹೋಗುವ ಕಾಲದಲ್ಲೇ ಇದರ ಹಾವಳಿ ಜಾಸ್ತಿ. 2018ರ ಕೊನೆಯಿಂದ 2019ರ ಬೇಸಿಗೆವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದರಿಂದ ಜನ ಸತ್ತರು. ಅದೂ ಶರಾವತಿ ಕಣಿವೆಯ ಊರೇ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನರ ಜೀವಕ್ಕೆ ಅಪಾಯ ಅಂತ ಲೆಕ್ಕ. ಇದನ್ನೇ ಗುಣಪಡಿಸುವ ಔಷಧಿ ಇಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ ಆರೈಕೆ ಮಾಡುವುದೇ ದಾರಿ. ಊರಿನವರು ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ. ಬೆಂಗಳೂರಿನಿಂದ ಬಂದ ನಮಗೆ ಈ ಮಾತನ್ನು ಆರ್ಗನೈಸರ್ ಹೇಳಲೇ ಇಲ್ಲ. ಗೊತ್ತಿಲ್ಲದೆ ಅಲ್ಲ, ಅವನು ಅದೇ ಕಡೆಯವನು. ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಇದಕ್ಕೆ.

ವಾಪಸ್ ಬಂದ ವಾರದಲ್ಲಿ ಗೆಳೆಯನಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ಮುರಿಯುವಷ್ಟು ನೋವು. ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಅಂತ ಮಾತ್ರೆ ಕೊಟ್ಟರು. ಆ ಅಮ್ಮನ ಮಾತು ನೆನಪಿದ್ದರಿಂದ ಅವನ ಹೆಂಡತಿ, "ಸಾಗರದ ಕಾಡಿಗೆ ಹೋಗಿದ್ವಿ, ಉಣುಗು ಕಚ್ಚಿದೆ" ಅಂತ ದೊಡ್ಡ ಆಸ್ಪತ್ರೆಯಲ್ಲಿ ಬಿಡಿಸಿ ಹೇಳಿದರು. ಆಗ ರಕ್ತ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಮೂರೂ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಕೆಎಫ್‌ಡಿ ಅಲ್ಲ ಅಂತ ಬಂತು. ಮಕ್ಕಳಿಗೆ ಏನೂ ಆಗಲಿಲ್ಲ.

ಮಲೆನಾಡಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಿ. ಆದರೆ ನೀರು ನೋಡುವುದಕ್ಕೆ ದಡದ ಮೇಲಿನ ರಸ್ತೆ ಸಾಕು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಲಾಂಚ್ ಕಾಯಬೇಕಾಗಿಲ್ಲ, ಕಾರಿನಲ್ಲೇ ಹಿನ್ನೀರು ದಾಟಬಹುದು. ಅದಕ್ಕೇ ಆ ಕಡೆ ವಾಹನ ಇನ್ನೂ ಜಾಸ್ತಿಯಾಗಿ, ಇಂಥ 'ಕ್ಯಾಂಪ್'ಗಳೂ ಜಾಸ್ತಿಯಾಗುತ್ತವೆ ಅನ್ನುವ ಚಿಂತೆ ನನಗೆ. ರಾತ್ರಿ ಉಳಿಯಲು ಸರ್ಕಾರದ ಜಂಗಲ್ ಲಾಡ್ಜಸ್‌ನ ಕ್ಯಾಂಪುಗಳಿವೆ, ಊರೊಳಗೆ ಲೈಸೆನ್ಸ್ ಇರುವ ಹೋಂಸ್ಟೇಗಳಿವೆ, ಸಾಗರ ಪೇಟೆಯಲ್ಲಿ ಲಾಡ್ಜುಗಳಿವೆ.

ಖಾಸಗಿಯವರ ಹತ್ತಿರವೇ ಬುಕ್ ಮಾಡುವುದಾದರೆ ಜಾಗದ ಸರ್ವೆ ನಂಬರ್ ಮತ್ತು ಲೈಸೆನ್ಸಿನಲ್ಲಿರುವ ಊರಿನ ಹೆಸರು ಕೇಳಿ, ಎರಡೂ ಹೊಂದುತ್ತವಾ ನೋಡಿ. ಅನುಮಾನ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಆ ಜಾಗದ ಹೆಸರು ಹೇಳಿ ವಿಚಾರಿಸಿ. 'ನೀರಿನ ಪಕ್ಕದಲ್ಲೇ ಟೆಂಟ್' ಅಂದರೆ ಅದು ಯಾರ ಜಮೀನು ಅಂತ ಕೇಳಿ. ತಡವರಿಸಿದರೆ ಬಿಟ್ಟುಬಿಡಿ. ತುಂಬು ತೋಳಿನ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ದರಕಿನ ಮೇಲೆ ಕೂರಬೇಡಿ, ಮಕ್ಕಳನ್ನು ಬಿಡಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಸಂಜೆ ಬಿಸಿನೀರು ಸೋಪಿನಲ್ಲಿ ಮೈ ತೊಳೆದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ವಾಪಸ್ ಬಂದ ಎರಡು ವಾರದೊಳಗೆ ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ, ಅವರು ಕೇಳುವವರೆಗೆ ಕಾಯಬೇಡಿ.

ನಮ್ಮ ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. ಗ್ರಾಹಕರ ಸಹಾಯವಾಣಿ 1915ರಲ್ಲಿ ದೂರು ಕೊಟ್ಟಿದ್ದೇವೆ, ಸೈಬರ್ ವಂಚನೆಯ 1930ಕ್ಕೂ ತಿಳಿಸಿದ್ದೇವೆ. ಯುಪಿಐ ರಸೀದಿ, ಚಾಟ್, ಆ ಕಾಗದದ ಫೋಟೊ ಎಲ್ಲ ಇಟ್ಟುಕೊಂಡಿದ್ದರಿಂದ ದೂರು ಬರೆಯುವುದು ಸುಲಭವಾಯಿತು. ನಿಮಗೂ ಇದೇ ರೀತಿ ಸೀಲು ಹೊಡೆದ ಕಾಗದದ ಫೋಟೊ ಯಾರಾದರೂ ಕಳಿಸಿದ್ದರೆ ಅಳಿಸಬೇಡಿ, ಇಟ್ಟುಕೊಳ್ಳಿ.