ನಿಂತ ಜೋಳಕ್ಕೆ ದನ ಬಿಡುವುದೋ, ರಸಮೇವು ಮಾಡುವುದೋ?

ಶಿಕಾರಿಪುರ, ಸೊರಬದ ಕಡೆ ಎರಡೆಕರೆ ಮೆಕ್ಕೆಜೋಳವನ್ನು ದನಗಳಿಗೆಂದೇ ಮೀಸಲಿಟ್ಟವರ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು, ನಿಂತ ಬೆಳೆಗೇ ದನ ಬಿಡುವುದು. ಅಮೆರಿಕದಲ್ಲಿ ಮಾಂಸದ ದನಗಳನ್ನು ಕೊನೆಯ ಹಂತದಲ್ಲಿ ಹೀಗೆ ಮೇಯಿಸಿ ಕೊಬ್ಬಿಸುವವರಿದ್ದಾರೆ. ಕೊಯ್ಲಿನ ಕೂಲಿಯಿಲ್ಲ, ಸಗಣಿ ಹೊಲದಲ್ಲೇ ಬೀಳುತ್ತದೆ. ಆದರೆ ದನ ಮೊದಲು ಹುಡುಕುವುದು ತೆನೆಯನ್ನು. ರೂಢಿಯಿಲ್ಲದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಒಳಗೆ ಹುಳಿ ಏರಿ ಜೀವಕ್ಕೇ ಸಂಚಕಾರ. ಎರಡು ಮೂರು ವಾರ ಕಾಳನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ ಒಗ್ಗಿಸಬೇಕು. ದನ ತಡೆಯುವ ವಿದ್ಯುತ್ ಬೇಲಿಯ ತಂತಿಯನ್ನು ದಿನವೂ ಸರಿಸಿ, ಅಂದಂದಿಗೆ ಬೇಕಾದಷ್ಟೇ ಬೆಳೆಯ ಪಟ್ಟಿಯನ್ನು ತೆರೆಯಬೇಕು. ಹಸಿದ ದನವನ್ನು ಬಿಡಲೇಬೇಡಿ, ಮೊದಲು ಒಣಹುಲ್ಲು ತಿನ್ನಿಸಿ. ನಮ್ಮ ಆಗಸ್ಟ್ ಮಳೆಯಲ್ಲಂತೂ ತಿಂದದ್ದಕ್ಕಿಂತ ಕೆಸರಿಗೆ ತುಳಿದದ್ದೇ ಹೆಚ್ಚಾದೀತು.

ಎರಡನೆಯದು ರಸಮೇವು, ಅಂದರೆ ಹಸಿ ಮೇವನ್ನು ಹುಳಿಸಿ ಕಾಪಿಡುವ ಸೈಲೇಜ್. ಇದಕ್ಕೆ ಕಾಳು ಹಾಲಿನಿಂದ ಹಿಟ್ಟಿಗೆ ತಿರುಗುವಾಗ ಬೆಳೆ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ ಸುಮಾರು 45 ದಿನ ಇಡಬೇಕು. ಕೂಲಿ, ಯಂತ್ರ, ಟಾರ್ಪಾಲು ಎಲ್ಲಕ್ಕೂ ಖರ್ಚಿದೆ. ಆದರೆ ಏಪ್ರಿಲ್‌ನಲ್ಲಿ ಬೆಟ್ಟದ ಹುಲ್ಲು ಒಣಗಿದಾಗಲೂ ಕೊಟ್ಟಿಗೆಯಲ್ಲಿ ರಸವಿರುವ ಮೇವಿರುತ್ತದೆ.

ಹಾಲಿನ ಹಸು ಕಟ್ಟಿದವರಿಗೆ ನಾನು ರಸಮೇವನ್ನೇ ಹೇಳುತ್ತೇನೆ. ಮಲೆನಾಡು ಗಿಡ್ಡ ತಳಿಯ ನಾಟಿ ದನಗಳನ್ನು ಮಳೆ ನಿಂತ ಮೇಲೆ, ತೆನೆ ಮುರಿದುಕೊಂಡ ಹೊಲಕ್ಕೆ ಬಿಡಿ. ಅದಕ್ಕೂ ಮುಂಚೆ ಉದುರಿದ ತೆನೆಗಳನ್ನು ಆರಿಸಿಕೊಳ್ಳಿ.